ಯಾಕಂದ್ರೆ

ಕಾರಣ ಹೇಳುವಾಗ ನಾವು ಬಳಸುವ ‘ಯಾಕಂದ್ರೆ’ ಎಂಬ ಪದವನ್ನು ಒಮ್ಮೆ ಬಿಡಿಸಿ ನೋಡಿ. ಯಾಕೆ ಎಂದರೆ. ಅಂದರೆ, ‘ಯಾಕೆ’ ಅಂತ ನೀವು ಕೇಳಿದರೆ. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಅವರ ಪರವಾಗಿ ನಾವೇ ಪ್ರಶ್ನೆ ಕೇಳಿ, ಆಮೇಲೆ ಉತ್ತರಕ್ಕೆ ಇಳಿಯುತ್ತೇವೆ. ತೆಲುಗಿನ ‘ಎಂದುಕಂಟೆ’ಯೂ ಹೀಗೇ ಕಟ್ಟಿದ್ದು. ಹೈದರಾಬಾದಿನ ದಖನಿಯಂತೂ ಇನ್ನೂ ಸ್ವಾರಸ್ಯ. ದಿಲ್ಲಿಯವರು ‘ಕ್ಯೋಂಕಿ’ ಎಂದು ಮುಗಿಸುವ ಕಡೆ ಇಲ್ಲಿನ ಆಟೋದವನು ‘ಕೈಕು ಬೋಲೇ ತೋ’ ಎಂದು ಶುರು ಮಾಡುತ್ತಾನೆ. ಪದಗಳು ಉರ್ದುವಿನವು, ಕಟ್ಟೋಣ ನಮ್ಮದು. ಶತಮಾನಗಟ್ಟಲೆ ಅಕ್ಕಪಕ್ಕ ಬದುಕಿದ ಭಾಷೆಗಳು ಪದಗಳಿಗಿಂತ ಹೆಚ್ಚಾಗಿ ಯೋಚನೆಯ ದಾರಿಯನ್ನು ಸಾಲ ಕೊಟ್ಟುಕೊಳ್ಳುತ್ತವೆ ಎಂಬುದಕ್ಕೆ ಎಂ.ಎ. ತರಗತಿಯಲ್ಲಿ ನಮಗೆ ಕೊಟ್ಟ ಉದಾಹರಣೆಗಳಿಗಿಂತ ಕಾಚಿಗುಡದ ಆಟೋ ಸ್ಟ್ಯಾಂಡೇ ಚೆನ್ನಾಗಿತ್ತು.

‘ಆತ್ಮಾವಲೋಕನ’ ಭಾಷಣದ ಪದ. ಅಡುಗೆಮನೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ಅಲ್ಲಿ ಜನ ಅಂದುಕೊಳ್ಳುತ್ತಾರೆ, ಕೇಳಿಕೊಳ್ಳುತ್ತಾರೆ. ಅಂದುಕೊಳ್ಳುವುದೆಂದರೆ ತನಗೆ ತಾನೇ ಅನ್ನುವುದು. ಯೋಚಿಸುವುದಕ್ಕೆ ನಮ್ಮಲ್ಲಿರುವ ಮನೆಮಾತಿನ ಪದವೇ ಅದು. ಕೇಳಿಕೊಳ್ಳುವುದರಲ್ಲಿ ಇನ್ನೂ ತೊಡಕಿದೆ. ‘ನನ್ನನ್ನೇ ಕೇಳಿಕೊಂಡೆ’ ಎಂದರೆ ಪ್ರಶ್ನೆ, ‘ದೇವರಲ್ಲಿ ಕೇಳಿಕೊಂಡೆ’ ಎಂದರೆ ಬೇಡಿಕೆ. ಮೂಲದ ‘ಕೇಳು’ ಧಾತುವಿಗೋ ಪ್ರಶ್ನಿಸುವುದೂ ಕಿವಿಗೊಡುವುದೂ ಒಂದೇ. ಕೇಳಿದ ಮೇಲೆ ಕೇಳಿಸಿಕೊಳ್ಳಲೂಬೇಕು. ಹೆಚ್ಚಿನವರು ಮೊದಲನೆಯದರಲ್ಲೇ ನಿಲ್ಲುತ್ತಾರೆ ಎಂಬುದು ನನ್ನ ಅನುಮಾನ.

ನಮ್ಮವ್ವ ಹುಮನಾಬಾದಿನ ಕಡೆಯವಳು. ರಾತ್ರಿ ಫೋನಿನಲ್ಲಿ ಕೀಬೋರ್ಡಿನ ಸದ್ದು ಕೇಳಿದರೆ ಸಾಕು, ‘ಯಾಕ ಇಷ್ಟ್ ದುಡಿಲತ್ತಿ?’ ಅಂತಾಳೆ. ‘ಯಾಕಂದ್ರ…’ ಎಂದು ಶುರು ಮಾಡಿ ಬಾಡಿಗೆ, ತಮ್ಮನ ಫೀಸು, ವಿಮೆಯ ಕಂತು ಎಂದು ಪಟ್ಟಿ ಹೇಳುತ್ತೇನೆ. ಅವ್ವ ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತದೆ.

ಪದಕ್ಕಿಷ್ಟು ಎಂದು ಹಣ ಪಡೆಯುವ ಕಸುಬು ನನ್ನದು. ಶಾಂಪೂ, ವಿಮೆ, ಕ್ರಿಮಿನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಯಾವುದಾದರೂ ಸರಿ, ಪದ ಪದವೇ. ಕಳೆದ ವರ್ಷ ಏಜೆನ್ಸಿಯೊಂದು ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್‌ನ ಸಂದೇಶಗಳನ್ನು ಕಳಿಸಿತು. ಕಂತು ತಪ್ಪಿದವರಿಗೆ ದಿನದಿನವೂ ಹೋಗುವ ನೆನಪೋಲೆಗಳು. ಮುಂದೆ ಇನ್ನೂ ಬರಲಿದ್ದ ಫೈಲುಗಳನ್ನು ಸೇರಿಸಿದರೆ ಒಂದು ತಿಂಗಳ ಬಾಡಿಗೆಯಷ್ಟು ಕೆಲಸ.

ಇಂಗ್ಲಿಷಿನಲ್ಲಿ ಮೊದಲ ದಿನದ ಸಂದೇಶದಲ್ಲೂ ಹದಿನೈದನೇ ದಿನದ ಸಂದೇಶದಲ್ಲೂ ಒಂದೇ ‘ಯು’ ಇತ್ತು. ಪಕ್ಕದ ಅಂಕಣದಲ್ಲಿ ಕನ್ನಡ ಬಲ್ಲವರೇ ಬರೆದ ಟಿಪ್ಪಣಿ: ಏಳನೇ ದಿನದಿಂದ ಏಕವಚನ ಬಳಸಿ. ಇಂಗ್ಲಿಷಿನಲ್ಲಿ ಬರೆದವನಿಗೆ ಈ ತೀರ್ಮಾನ ಮಾಡುವ ಪ್ರಸಂಗವೇ ಬಂದಿರಲಿಲ್ಲ. ಕನ್ನಡದಲ್ಲಿ ಯಾರೋ ಒಬ್ಬರು ಕೂತು, ಇಂಥ ದಿನ ಬೆಳಿಗ್ಗೆ ಈ ಮನುಷ್ಯ ‘ನೀವು’ ಇಂದ ‘ನೀನು’ ಆಗಬೇಕು ಎಂದು ಟೈಪು ಮಾಡಬೇಕು. ಕೊನೆಯ ಸಾಲುಗಳಲ್ಲಿ ನೆಂಟರಿಷ್ಟರಿಗೂ ವಿಷಯ ತಿಳಿಯುತ್ತದೆ ಎಂಬ ಮಾತಿತ್ತು.

ಇದು ಹೈದರಾಬಾದಿನಲ್ಲಿ ಇರುವವರಿಗೆ ಹೊಸದಲ್ಲ. 2020ರ ಡಿಸೆಂಬರಿನಲ್ಲಿ ಇಂಥ ಆ್ಯಪ್‌ಗಳ ಕಿರುಕುಳಕ್ಕೆ ತೆಲಂಗಾಣದಲ್ಲಿ ಜನ ಜೀವ ಕಳೆದುಕೊಂಡರು; ಪೊಲೀಸರು ಇಲ್ಲಿನ ಮತ್ತು ಗುರುಗ್ರಾಮದ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಸಾಲ ಪಡೆದವರ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಸಂದೇಶ ಕಳಿಸಿ ಮಾನ ಕಳೆಯುವುದು ವಸೂಲಿಯ ರೀತಿಯಾಗಿತ್ತು. ಮರುತಿಂಗಳು ರಿಸರ್ವ್ ಬ್ಯಾಂಕ್ ಸಮಿತಿ ಮಾಡಿತು, 2022ರ ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು. ಫೋನಿನ ಸಂಪರ್ಕ ಪಟ್ಟಿಗೆ ಸಾಲದ ಆ್ಯಪ್ ಕೈ ಹಾಕಬಾರದು ಎಂಬುದು ಅವುಗಳಲ್ಲಿ ಒಂದು. ‘ನೀನು’ ಅನ್ನಬಾರದು ಎಂದು ಮಾತ್ರ ಯಾವ ನಿಯಮದಲ್ಲೂ ನಾನು ಓದಲಿಲ್ಲ. ಅದು ನನ್ನ ಟೇಬಲಿನ ಮೇಲೇ ಉಳಿಯಿತು.

ಗೆಳತಿ ಹೇಳಿದಳು: ನೀನು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ, ಒಂದೇ ತಾಸಿನಲ್ಲಿ, ಇಲ್ಲವಾದರೆ ಯಂತ್ರ ಮಾಡುತ್ತದೆ, ಅದಕ್ಕೆ ತಾಸೂ ಬೇಡ. ಮಾತು ನಿಜ. ಆದರೆ ಅದು ಆ ಕೆಲಸ ಏನಾಗುತ್ತದೆ ಎಂಬುದಕ್ಕೆ ಉತ್ತರ. ನಾನು ದಿನವೆಲ್ಲ ಏನು ಮಾಡುತ್ತ ಕೂರುತ್ತೇನೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅವಳ ಇನ್ನೊಂದು ಮಾತು ಹೆಚ್ಚು ಚುಚ್ಚಿತು: ಹೇಗೆ ಬದುಕಬೇಕು ಅಂತ ಕೇಳಿಕೊಳ್ಳುವುದು ಹೊಟ್ಟೆ ತುಂಬಿದವರ ಹವ್ಯಾಸ.

ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಇಲ್ಲಿಂದ ಮುಂಬೈ ಹೆದ್ದಾರಿ ಹಿಡಿದು ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. 1956ರ ನವೆಂಬರ್ 1ರವರೆಗೆ ಅದೂ, ಲಕ್ಕಮ್ಮನ ಊರೆಂದು ಹೇಳುವ ಲಿಂಗಸುಗೂರು ಬಳಿಯ ಅಮರೇಶ್ವರವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹನ್ನೆರಡನೇ ಶತಮಾನದಲ್ಲಿ ಅವಳೂ ಗಂಡ ಮಾರಯ್ಯನೂ ಕಲ್ಯಾಣಕ್ಕೆ ಬಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಪ್ರಸಿದ್ಧ ಮಾತು ಈತನ ವಚನದ್ದು. ಜನ ಬಸವಣ್ಣನದೆಂದು ಹೇಳುತ್ತಾರೆ. ಅಕ್ಕಿ ಆಯುವವನ ಮಾತು ಮಂತ್ರಿಯ ಖಾತೆಗೆ ಹೋದದ್ದು ನನಗೆ ಆಶ್ಚರ್ಯವೇನಲ್ಲ.

ಕಥೆ ನಿಮಗೆ ಗೊತ್ತಿರಬಹುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇವರಿಗೆ ನೆರವಾಗಲೆಂದು ಬಸವಣ್ಣನೇ ಬೇಕೆಂದು ಚೆಲ್ಲಿಸಿದ್ದು ಎನ್ನುತ್ತಾರೆ. ಲಕ್ಕಮ್ಮ ನೋಡಿದವಳೇ, ಇಷ್ಟು ನಮಗೆ ಯಾಕೆ, ಈ ಆಸೆ ಯಾರದು ಎಂದು ಕೇಳಿ, ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಸುರಿದು ಬಾ ಎಂದು ಕಳಿಸಿದಳು. ಅವನು ಹೋದ. ಉಳಿದ ಅಕ್ಕಿಯಲ್ಲಿ ಲಕ್ಷಾಂತರ ಜಂಗಮರಿಗೆ ಊಟ ಹಾಕಿದಳು ಎಂದು ಕಥೆ ಮುಂದುವರಿಯುತ್ತದೆ. ಆ ಭಾಗ ನನಗೆ ಬೇಡ. ಪವಾಡ ನಡೆಯುವುದು ಖಾತ್ರಿಯಿದ್ದರೆ ಅಕ್ಕಿ ಹಿಂತಿರುಗಿಸಲು ಏನು ಕಷ್ಟ? ನನಗೆ ಬೇಕಾದದ್ದು ನಡುವಿನ ಆ ನಡಿಗೆ: ಇಡೀ ದಿನ ಬಗ್ಗಿ ಆಯ್ದ ಕಾಳನ್ನು ಉಡಿಯಲ್ಲಿ ಕಟ್ಟಿಕೊಂಡು, ಮತ್ತೆ ನೆಲಕ್ಕೆ ಸುರಿಯಲು ಹೋಗುವ ಮನುಷ್ಯ.

ಅವರ ಹೊಟ್ಟೆ ತುಂಬಿರಲಿಲ್ಲ. ಊರಿನಲ್ಲಿ ಅವರಿಗಿಂತ ಕಡಿಮೆ ಇದ್ದವರು ಬಹಳ ಇರಲಾರರು. ಹಾಗಿದ್ದೂ ಪ್ರಶ್ನೆ ಎದ್ದದ್ದು ಆ ಮನೆಯಲ್ಲಿ. ಇನ್ನೊಂದು ವಿಷಯ, ಅದನ್ನು ಮಾರಯ್ಯ ತನ್ನನ್ನೇ ಕೇಳಿಕೊಂಡಿರಲಿಲ್ಲ. ಬಗ್ಗಿ ಆಯುತ್ತಿರುವವನಿಗೆ ಮುಂದಿನ ಕಾಳು ಮಾತ್ರ ಕಾಣುತ್ತದೆ. ಸೆರಗು ಎಷ್ಟು ಭಾರವಾಯಿತೆಂದು ತಿಳಿಯಲು ಬಾಗಿಲಲ್ಲಿ ಒಬ್ಬರು ನಿಂತಿರಬೇಕು. ಲಕ್ಕಮ್ಮನ ಅಂಕಿತದಲ್ಲಿ ದೇವರ ಹೆಸರಿನ ಹಿಂದೆ ಗಂಡನ ಹೆಸರೂ ಇದೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅಷ್ಟು ಹತ್ತಿರ ಇದ್ದವಳೇ ಅಷ್ಟು ಖಡಕ್ಕಾಗಿ ಕೇಳಿದ್ದು.

ಫೈಲನ್ನು ಮೂರನೇ ದಿನ ಹಿಂತಿರುಗಿಸಿದೆ. ಏಕವಚನ ಬರೆಯಲಾರೆ, ನೆಂಟರ ಸಾಲುಗಳನ್ನು ಮಾಡಲಾರೆ, ಉಳಿದದ್ದನ್ನು ಮಾಡಿಕೊಡುತ್ತೇನೆ ಎಂದು ಬರೆದಿದ್ದೆ. ಉತ್ತರ ಬರಲಿಲ್ಲ. ಆ ಏಜೆನ್ಸಿಯಿಂದ ಆಮೇಲೆ ಕೆಲಸವೂ ಬರಲಿಲ್ಲ. ಆ ಸಂದೇಶಗಳು ಈ ಹೊತ್ತಿಗೆ ಬೀದರ್‌ನಲ್ಲೋ ರಾಯಚೂರಿನಲ್ಲೋ ಯಾರದೋ ಫೋನಿಗೆ ಬೇರೆಯವರ ಕನ್ನಡದಲ್ಲಿ ಹೋಗುತ್ತಿರಬಹುದು. ನನ್ನಿಂದ ಅವರಿಗೇನೂ ಉಪಕಾರವಾಗಲಿಲ್ಲ ಎಂಬುದು ಗೊತ್ತಿದೆ. ಹೊಸ ಕೆಲಸ ಬಂದಾಗ ದರಕ್ಕಿಂತ ಮೊದಲು, ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡುವುದು ಮಾತ್ರ ರೂಢಿಯಾಗಿದೆ.

ಅವ್ವನಿಗೆ ಎಲ್ಲ ವಿವರಿಸಿ ಹೇಳಿದೆ. ಏಕವಚನದ ವಿಷಯ ಅವಳಿಗೆ ತಟ್ಟನೆ ಹೊಳೆಯಿತು. ‘ಸಾಲ ಕೊಟ್ಟಾಂವ ಆದ್ರೇನು, ನೀನು ಅಂತಾನೇನು?’ ಅಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ಈ ತಿಂಗಳ ಕಿರಾಯ ಹ್ಯಾಂಗ ಕೊಡ್ತಿ?’ ಅಂದಳು.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕೊಡುವ ಒಂದು ಕೈಪಿಡಿ ಬಂದಿದೆ ಎಂದೆ. ದರ ಕಡಿಮೆ, ಪುಟ ಜಾಸ್ತಿ.