ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ?

ಬೆಳಿಗ್ಗೆ ಎಂಟೂವರೆ. ಬೆಂಗಳೂರಿನ ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಒಳಗಿನ ರಸ್ತೆಗೆ ತಿರುಗಿದ್ದೀರಿ. ಇನ್ನೂ ಅಪಾರ್ಟ್‌ಮೆಂಟ್ ಆಗದೆ ಉಳಿದ ಹಳೆಯ ಮನೆಯೊಂದರ ಗೇಟು ತೆಗೆದುಕೊಂಡು ನಿಮ್ಮ ಮುಂದೆ ಹೋಗುತ್ತಿರುವವರು ಆಕ್ಯುಪೇಷನಲ್ ಥೆರಪಿಸ್ಟ್. ವಯಸ್ಸು ಮೂವತ್ತರ ಆಸುಪಾಸು. ಅವರ ಬ್ಯಾಗಿನಲ್ಲಿ ಸ್ಟೆತಸ್ಕೋಪ್ ಇಲ್ಲ, ಬಡಗಿಗಳು ಬಳಸುವ ಅಳತೆ ಟೇಪು ಇದೆ. ಚಪ್ಪಲಿ ಬಿಟ್ಟು ಒಳಗೆ ಬನ್ನಿ, ಹುಷಾರು, ಕೆಂಪು ಗಾರೆ ನೆಲ ಅರವತ್ತು ವರ್ಷ ಒರೆಸಿ ಒರೆಸಿ ನುಣುಪಾಗಿದೆ.

ಹಾಲಿನಲ್ಲಿ ಎಂಬತ್ತೆರಡರ ಅಜ್ಜಿ ಕೂತಿದ್ದಾರೆ. ಹೋದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು, ಸೊಂಟದ ಹತ್ತಿರ ಮೂಳೆ ಮುರಿಯಿತು. ರಾಡು ಹಾಕಿ ಜೋಡಿಸಿ ಮನೆಗೆ ಕಳಿಸಿದ್ದಾರೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಪುಣೆಯಲ್ಲಿ.

"ನೀನು ಡಾಕ್ಟ್ರೇನಮ್ಮಾ?"

"ಅಲ್ಲ ಅಜ್ಜಿ. ನಿಮ್ಮ ಕೆಲಸ ನೀವೇ ಮಾಡ್ಕೊಳ್ಳೋ ಹಾಗೆ ಮಾಡೋದು ನನ್ನ ಕೆಲಸ. ಈಗ ಯಾವುದು ಆಗ್ತಿಲ್ಲ ಅಂತ ಹೆಚ್ಚು ಬೇಜಾರು ನಿಮಗೆ?"

ಅಜ್ಜಿ ಯೋಚಿಸಲೇ ಇಲ್ಲ. "ಸ್ನಾನ. ಇನ್ನೊಬ್ಬರ ಕೈಲಿ ನೀರು ಹಾಕಿಸ್ಕೊಳ್ಳೋದು ನನ್ನಿಂದಾಗಲ್ಲ ಕಣೇ."

ಇವತ್ತಿನ ಅಷ್ಟೂ ಕೆಲಸ ಈ ಒಂದು ಮಾತಿನಿಂದ ಹೊರಟಿತು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಮೂಳೆಯ ಹೆಸರಿದೆ, ರಾಡಿನ ಅಳತೆಯಿದೆ. ಈ ಹೆಂಗಸಿಗೆ ತಾನೇ ಸ್ನಾನ ಮಾಡಿಕೊಳ್ಳಬೇಕು ಎಂಬುದು ಎಲ್ಲೂ ಇಲ್ಲ.

ಥೆರಪಿಸ್ಟ್ ಬಚ್ಚಲಿನ ಬಾಗಿಲಲ್ಲಿ ಮಂಡಿಯೂರಿ ಟೇಪು ಎಳೆಯುತ್ತಾರೆ. ಹೊಸ್ತಿಲು ನಾಲ್ಕಿಂಚು. ಒಳಗಿನ ನೆಲ ಹೊರಗಿನದಕ್ಕಿಂತ ತಗ್ಗು, ಅಂದರೆ ಇಳಿಯುವ ಕಾಲಿಗೆ ಆರಿಂಚು. ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಗೋಡೆಯಲ್ಲಿ ಟವೆಲ್ ಹಾಕುವ ಸ್ಟೀಲ್ ಕಂಬಿ ಇದೆ. ಅದರ ಒಂದು ತುದಿ ಕಿತ್ತು ಬಂದಿರುವುದನ್ನು ನಿಮಗೆ ಬೆರಳಿಟ್ಟು ತೋರಿಸುತ್ತಾರೆ. "ಬೀಳುವಾಗ ಇದನ್ನೇ ಹಿಡಿದಿದ್ದಾರೆ ನೋಡಿ. ಟವೆಲ್ ಹೊರೋ ಕಂಬಿ ಮನುಷ್ಯರನ್ನ ಹೊರುತ್ತಾ?" ಹಿಡಿಕಂಬಿ ಎಲ್ಲಿ ಬರಬೇಕು ಎಂದು ಪುಸ್ತಕ ನೋಡಿ ಗುರುತು ಹಾಕುವ ಹಾಗಿಲ್ಲ. ಅಜ್ಜಿಯನ್ನೇ ಮೆಲ್ಲಗೆ ಕರೆತಂದು, ಕಮೋಡಿನ ಮೇಲೆ ಕೂರಿಸಿ, ಏಳಲು ಹೇಳಿ, ಕೈ ತಾನಾಗಿ ಗೋಡೆಯಲ್ಲಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. ಒಳಗಿನ ಚಿಲಕ ತೆಗೆಸಬೇಕು, ಹೊರಗಿನಿಂದಲೂ ತೆಗೆಯಲು ಬರುವ ಲಾಕ್ ಹಾಕಿಸಬೇಕು. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಬೇಕು. ಸ್ನಾನಕ್ಕೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿ, ಅದರ ಕಾಲಿಗೆ ರಬ್ಬರ್ ಬುಶ್. ಬಕೆಟ್ಟು ನೆಲದ ಮೇಲಲ್ಲ, ಸ್ಟೂಲಿನ ಮೇಲೆ.

ಈ ಕೆಲಸಕ್ಕೆ ಬಿ.ಒ.ಟಿ. ಎಂಬ ಪದವಿ ಇದೆ. ಪಿಯುಸಿ ವಿಜ್ಞಾನ ಓದಿದ ಎಷ್ಟು ಮಕ್ಕಳಿಗೆ ಅದು ಗೊತ್ತು? ಎಂ.ಬಿ.ಬಿ.ಎಸ್. ಸಿಗಲಿಲ್ಲ ಎಂದು ಕಣ್ಣೀರು ಹಾಕುವ ಮನೆಗಳಲ್ಲಿ ಈ ಹೆಸರನ್ನು ಒಬ್ಬರೂ ಎತ್ತುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಒಂಬತ್ತಕ್ಕೆ ಫಿಸಿಯೊಥೆರಪಿಸ್ಟ್ ಬರುತ್ತಾರೆ. ಕುರ್ಚಿಯಿಂದ ಮೂರು ಮೀಟರ್ ಅಳೆದು ನೆಲಕ್ಕೆ ಟೇಪು ಅಂಟಿಸಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದಿದ್ದಾರೆ. ಅಜ್ಜಿ ಕುರ್ಚಿಯಿಂದ ಎದ್ದು, ಟೇಪಿನವರೆಗೆ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. ವಯಸ್ಸಾದವರಿಗೆ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ.

"ಕುರ್ಚಿ ಅಂಚಿಗೆ ಬನ್ನಿ ಅಜ್ಜಿ. ಪಾದ ಸ್ವಲ್ಪ ಹಿಂದಕ್ಕೆ. ಈಗ ಮೂಗು ಮುಂದಕ್ಕೆ, ಕಾಲ್ಬೆರಳ ಮೇಲಕ್ಕೆ ಬರೋವರೆಗೆ ಬಗ್ಗಿ. ಹಾಂ, ಎದ್ದೇಳಿ."

ಅಜ್ಜಿ ಎದ್ದೇಬಿಟ್ಟರು! ಇಷ್ಟು ದಿನ ಯಾರೋ ರಟ್ಟೆ ಹಿಡಿದು ಮೇಲಕ್ಕೆ ಎಳೆಯುತ್ತಿದ್ದರು; ಎಳೆದಷ್ಟೂ ಅವರ ಮೈ ಹಿಂದಕ್ಕೆ ಜಗ್ಗುತ್ತಿತ್ತು. ನಡೆಯುವಾಗ ನೀವು ಅವರ ಮುಖ ನೋಡುತ್ತಿದ್ದೀರಿ, ಫಿಸಿಯೊ ಕಣ್ಣು ಮಾತ್ರ ಪಾದದ ಮೇಲೆ. ತಿರುಗುವ ಜಾಗದಲ್ಲಿ ಅಜ್ಜಿ ಏಳು ಸಣ್ಣ ಹೆಜ್ಜೆ ಇಟ್ಟರು. ನೇರ ನಡೆಯುವುದಕ್ಕಿಂತ ತಿರುಗುವಾಗ ಬೀಳುವ ಭಯ ಹೆಚ್ಚು. ಒಟ್ಟು 31 ಸೆಕೆಂಡು. ಮುಂದೆ ವಾಕರ್ ಬಿಟ್ಟು ಕೋಲು ಹಿಡಿಯುವ ದಿನ ಬಂದಾಗ ಅದು ನೋವಿರುವ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ ಇರಬೇಕು ಎಂದು ಈಗಲೇ ಹೇಳಿಡುತ್ತಾರೆ.

ಮುದುಕರನ್ನು ಹೀಗೆ ಎಬ್ಬಿಸಿ ನಡೆಸಬಹುದು ಎಂಬುದೇ ಒಂದು ಕಾಲಕ್ಕೆ ಹೊಸ ಮಾತಾಗಿತ್ತು. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಡವರ ವಾರ್ಡಿನ 714 ಹಾಸಿಗೆಗಳು ಬಂದವು. ಇನ್ನೇನೂ ಮಾಡಲಾಗದು ಎಂದು ಮಲಗಿಸಿಬಿಟ್ಟಿದ್ದವರೇ ಅಲ್ಲಿ ಹೆಚ್ಚು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಏಳಿಸಿ, ಅಭ್ಯಾಸ ಮಾಡಿಸಿ, ಅನೇಕರನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ವೃದ್ಧರ ವೈದ್ಯಕೀಯದ ಎಂ.ಡಿ. ಶುರುವಾದದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಡಾ. ವಿ.ಎಸ್. ನಟರಾಜನ್ ಅಲ್ಲಿ ಆ ವಿಭಾಗ ಕಟ್ಟಿದವರು. ದೆಹಲಿಯ ಏಮ್ಸ್‌ನಲ್ಲಿ ಆ ಎಂ.ಡಿ. ಬಂದಿದ್ದು 2012ರಲ್ಲಿ.

ಈಗ ಅಡುಗೆಮನೆಗೆ ಬನ್ನಿ. ಕೇರ್ ಮ್ಯಾನೇಜರ್ ಮೇಡಂ ಬಂದಿದ್ದಾರೆ, ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಓದಿದವರು. ಹಳೆಯ ಬಿಸ್ಕತ್ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಸುರಿದು, ಸ್ಟ್ರಿಪ್ ಸ್ಟ್ರಿಪ್ಪಾಗಿ ಜೋಡಿಸಿ, ಫೋಟೊ ತೆಗೆದು ಪರಿಚಯದ ಕ್ಲಿನಿಕಲ್ ಫಾರ್ಮಸಿಸ್ಟ್‌ಗೆ ಕಳಿಸುತ್ತಾರೆ. ಆತ ಫಾರ್ಮ್.ಡಿ. ಮಾಡಿದವನು, 2008ರಲ್ಲಿ ದೇಶದಲ್ಲಿ ಶುರುವಾದ ಆರು ವರ್ಷದ ಕೋರ್ಸು ಅದು. ಹತ್ತು ನಿಮಿಷದಲ್ಲಿ ಫೋನು ಬಂತು.

ಎರಡು ಕಂಪನಿಯ ಎರಡು ಹೆಸರಿನ ಮಾತ್ರೆಗಳು, ಒಳಗಿರುವುದು ಒಂದೇ ಬಿಪಿ ಔಷಧಿ. ಬೇರೆ ಬೇರೆ ಡಾಕ್ಟರ ಚೀಟಿ, ಎರಡನ್ನೂ ಅಜ್ಜಿ ನುಂಗುತ್ತಿದ್ದಾರೆ. ಜೊತೆಗೆ ನಿದ್ದೆ ಮಾತ್ರೆ. ವಯಸ್ಸಾದವರಿಗೆ ಯಾವ ಔಷಧಿ ಆದಷ್ಟೂ ಬೇಡ ಎಂದು ಅಮೆರಿಕದಲ್ಲಿ 1991ರಿಂದ ಬಂದಿರುವ ಬಿಯರ್ಸ್ ಪಟ್ಟಿಯಲ್ಲಿ ಈ ಬಗೆಯ ನಿದ್ದೆ ಮಾತ್ರೆಗಳಿವೆ. "ಆದರೆ ಇವತ್ತೇ ನಿಲ್ಲಿಸಬೇಡಿ ಮೇಡಂ. ಬಹಳ ದಿನದಿಂದ ತಗೊಂಡಿದಾರೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಾನು ಡಾಕ್ಟರಿಗೆ ಬರೆದು ಕಳಿಸ್ತೀನಿ."

ಗ್ಯಾಸಿನ ಹತ್ತಿರ ಗಂಜಿ ಕದಡುತ್ತಿದ್ದ ಹುಡುಗಿ ಇಷ್ಟು ಹೊತ್ತು ಸುಮ್ಮನಿದ್ದಳು. ಸಿಂಧನೂರಿನ ಕಡೆಯವಳು, ಅಜ್ಜಿಯ ಜೊತೆ ಹಗಲೂ ರಾತ್ರಿ ಇರುವವಳು. ತಿರುಗದೆಯೇ ಹೇಳುತ್ತಾಳೆ: "ಅಕ್ಕಾರ, ಆ ಸಣ್ಣ ಬಿಳಿ ಗುಳಿಗಿ ಐತಲ್ಲರಿ, ಅದನ್ನ ಸಂಜಿಗಿ ಕೊಟ್ಟ ದಿನ ಅಮ್ಮಾರು ರಾತ್ರಿ ಮೂರು ಮೂರು ಸಲ ಒಂದಕ್ಕ ಏಳ್ತಾರ್ರಿ. ಮರೆತು ಬಿಟ್ಟ ದಿನ ಒಂದೇ ಸಲ."

ಮೇಡಂ ಆ ಸ್ಟ್ರಿಪ್ಪನ್ನು ಎತ್ತಿ ನೋಡುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ. ಬೆಳಿಗ್ಗೆ ಕೊಡಬೇಕಾದದ್ದು ಯಾವಾಗಲೋ ಸಂಜೆಗೆ ಜಾರಿದೆ. ನಿದ್ದೆಯ ಮಂಪರು, ಎರಡು ಪಟ್ಟು ಬಿಪಿ ಔಷಧಿ, ಆ ಹೊತ್ತಿನಲ್ಲಿ ಬಚ್ಚಲಿಗೆ ಅವಸರ, ಕತ್ತಲೆ, ನಾಲ್ಕಿಂಚಿನ ಹೊಸ್ತಿಲು: ಅಜ್ಜಿ ಯಾಕೆ ಬಿದ್ದರು ಎಂಬುದು ಈಗ ಈ ಚಾಪೆಯ ಮೇಲೆ ಹರಡಿಕೊಂಡಿದೆ. ಕೊನೆಯ ಎಳೆಯನ್ನು ಸೇರಿಸಿದವಳು ಈ ಮನೆಗೆ ಬರುವವರಲ್ಲೆಲ್ಲ ಅತಿ ಕಡಿಮೆ ಸಂಬಳದವಳು. ಮನೆಯವರು ಏಜೆನ್ಸಿಗೆ ಕಟ್ಟುವ ಹಣದಲ್ಲಿ ಅವಳ ಕೈ ಸೇರುವುದು ಒಂದು ಪಾಲು ಮಾತ್ರ, ವಾರದ ರಜೆಯೂ ಗ್ಯಾರಂಟಿಯಿಲ್ಲ. ಈ ಕ್ಷೇತ್ರದಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟ ಪದವೀಧರರು ಅವಳ ಮಾತು ಕೇಳಿಸಿಕೊಳ್ಳುವುದನ್ನು ಮೊದಲ ದಿನವೇ ಕಲಿಯಬೇಕು, ಅವಳ ಸಂಬಳದ ಬಗ್ಗೆ ಬಾಯಿಬಿಡುವುದನ್ನೂ.

ಹನ್ನೊಂದೂವರೆಗೆ ಮೇಡಂ ಸ್ಕೂಟರಿನ ಹಿಂದೆ ಕೂತು ನೀವು ನಗರದ ಇನ್ನೊಂದು ಮೂಲೆಯ ಡೇ ಕೇರ್ ಕೇಂದ್ರಕ್ಕೆ ಬಂದಿದ್ದೀರಿ. ಇಲ್ಲಿರುವವರೆಲ್ಲ ಮರೆವಿನ ಕಾಯಿಲೆಯವರು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಕಿಟಕಿಯ ಪಕ್ಕ ಸ್ಪೀಚ್ ಥೆರಪಿಸ್ಟ್ ಒಬ್ಬರು ನಿವೃತ್ತ ಮೇಷ್ಟ್ರಿಗೆ ಊಟ ಮಾಡಿಸುತ್ತಿದ್ದಾರೆ. ಮಾತು ಕಲಿಸುವವರು ಊಟದ ಹತ್ತಿರ ಏಕೆ? ಮೇಷ್ಟ್ರ ಗಂಟಲನ್ನು ಗಮನಿಸಿ. ರಾಗಿ ಗಂಜಿ ಸಲೀಸಾಗಿ ಇಳಿಯಿತು. ಒಂದು ಗುಟುಕು ನೀರು ಕೊಟ್ಟದ್ದೇ ತಡ, ಕೆಮ್ಮು. ನುಂಗುವ ಶಕ್ತಿ ಕುಂದಿದವರಿಗೆ ತೆಳ್ಳಗಿನ ನೀರೇ ಹೆಚ್ಚು ಅಪಾಯ. ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಅದರೊಳಗೆ ಜಾರಿ ನ್ಯುಮೋನಿಯಾ ತರಬಹುದು. ಗಲ್ಲವನ್ನು ಎದೆಯ ಕಡೆ ತಂದು ಚಮಚದಲ್ಲಿ ಕುಡಿಯುವುದನ್ನು ಆಕೆ ಅಭ್ಯಾಸ ಮಾಡಿಸುತ್ತಾರೆ, ಮೇಷ್ಟ್ರ ಸೊಸೆಗೂ ತೋರಿಸಿಕೊಡುತ್ತಾರೆ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಆ ಸಂಸ್ಥೆ ನಮ್ಮ ನಾಡಲ್ಲೇ ಇದೆ.

ನಾಲ್ಕಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ ಅರ್ಜಿಗಳ ವಿಚಾರಣೆ ಇಲ್ಲಿ. ಬೆಂಚಿನ ತುದಿಯಲ್ಲಿ ಎಪ್ಪತ್ತೈದರ ಹಿರಿಯರು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು, ಈಗ ಊಟಕ್ಕೂ ಮಾತು ಕೇಳಬೇಕು. ಮೇಡಂ ಪಕ್ಕದಲ್ಲಿ ಕೂತು ಕೇಳುವ ಮೊದಲ ಪ್ರಶ್ನೆ: "ಸಾರ್, ಪತ್ರದಲ್ಲಿ ನಿಮ್ಮನ್ನ ನೋಡ್ಕೊಳ್ಳಬೇಕು ಅಂತ ಷರತ್ತು ಬರೆಸಿದೀರಾ?" ಷರತ್ತಿದ್ದು ಮಗ ನೋಡಿಕೊಳ್ಳದಿದ್ದರೆ, 23ನೇ ಕಲಮಿನ ಪ್ರಕಾರ ಆ ದಾನವನ್ನು ರದ್ದು ಮಾಡಿಸಿಕೊಳ್ಳಲು ದಾರಿಯಿದೆ. ಹಿರಿಯರು ಕವರಿನಿಂದ ಪತ್ರ ತೆಗೆಯುತ್ತಾರೆ, ಕೈ ನಡುಗುತ್ತಿದೆ. ಮೇಡಂ ಪತ್ರವನ್ನು ಕಿತ್ತುಕೊಳ್ಳದೆ ಕಾಯುತ್ತಾರೆ. ಕಾನೂನು ಓದಿದವರಿಗೂ ಸಮಾಜಕಾರ್ಯ ಓದಿದವರಿಗೂ ಇಲ್ಲಿ ಬೇಕಾದಷ್ಟು ಕೆಲಸವಿದೆ. 14567ರ ಹಿರಿಯರ ಸಹಾಯವಾಣಿಗೂ, ಬೆಂಗಳೂರಿನ 1090ಕ್ಕೂ ಬರುವ ಕರೆಗಳ ಆಚೆ ತುದಿಯಲ್ಲಿ ಇಂಥವರೇ ಇರುತ್ತಾರೆ.

ಕಚೇರಿಯ ಎದುರಿನ ಅಂಗಡಿಯಲ್ಲಿ ಟೀ. ಬೆಳಿಗ್ಗೆಯಿಂದ ಬಾಯಲ್ಲಿದ್ದ ಪ್ರಶ್ನೆ ಈಗ ಕೇಳುತ್ತೀರಿ: ಯಾವ ಕೋರ್ಸ್ ಮಾಡಲಿ ಮೇಡಂ?

"ಜೆರೊಂಟಾಲಜಿಸ್ಟ್, ಅಂದ್ರೆ ವೃದ್ಧಾಪ್ಯದ ತಜ್ಞರು, ಬೇಕಾಗಿದ್ದಾರೆ ಅನ್ನೋ ಜಾಹೀರಾತು ಹುಡುಕ್ಕೊಂಡು ಕೂರಬೇಡಿ. ಆ ಹೆಸರಲ್ಲಿ ಕರೆಯೋದು ಬಹಳ ಕಡಿಮೆ. ಕೇರ್ ಮ್ಯಾನೇಜರ್, ಮೆಡಿಕಲ್ ಸೋಷಿಯಲ್ ವರ್ಕರ್, ಪ್ರೋಗ್ರಾಂ ಕೋಆರ್ಡಿನೇಟರ್ ಅಂತ ಹುಡುಕಿ. ನಾನು ಎಂ.ಎಸ್.ಡಬ್ಲ್ಯೂ. ಆದ್ಮೇಲೆ ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆಯಲ್ಲಿ ಹಿರಿಯರ ಆರೈಕೆಯ ಒಂದು ವರ್ಷದ ಪಿ.ಜಿ. ಡಿಪ್ಲೊಮಾ ಮಾಡಿದೆ. ಯಾವುದಾದ್ರೂ ಒಂದು ಕಸುಬು ಗಟ್ಟಿಯಾಗಿ ಕೈಲಿರಲಿ, ನರ್ಸಿಂಗೋ ಸೈಕಾಲಜಿಯೋ ಫಿಸಿಯೊನೋ. ಅದರ ಮೇಲೆ ಇದನ್ನ ಓದಿ."

ಸಂಶೋಧನೆಯ ಕಡೆ ಒಲವಿದ್ದರೆ? ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ. ಓದು ಬಾರದ ರೈತರ ನೆನಪಿನ ಶಕ್ತಿಯನ್ನು ಅಳೆಯಬೇಕಾದರೆ ಆ ಸೀಮೆಯ ಮಾತು ಬಲ್ಲ ಮನಶ್ಶಾಸ್ತ್ರದ ಪದವೀಧರರೇ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್ ಮಾರ್ಗದರ್ಶನದ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, 2050ರ ಹೊತ್ತಿಗೆ 34 ಕೋಟಿ ದಾಟುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಅಂದರೆ ಕೆಲಸ ಇದ್ದೇ ಇರುತ್ತದೆ. ಯಾವ ಗೌರವದಲ್ಲಿ ಇರುತ್ತದೆ ಎಂಬುದೇ ಪ್ರಶ್ನೆ.

ಮೇಡಂ ಲೋಟ ಕೆಳಗಿಟ್ಟು ಹೆಲ್ಮೆಟ್ ಎತ್ತಿಕೊಳ್ಳುತ್ತಾರೆ. "ಇಂಟರ್‌ವ್ಯೂನಲ್ಲಿ ಅವರು ಮಾತ್ರ ಪ್ರಶ್ನೆ ಕೇಳೋದಲ್ಲ, ನೀವೂ ಕೇಳಿ. ಒಬ್ಬ ಮ್ಯಾನೇಜರ್‌ಗೆ ಎಷ್ಟು ಮನೆ ಕೊಡ್ತೀರಿ? ರಾತ್ರಿ ಎರಡಕ್ಕೆ ಮನೆಯಿಂದ ಫೋನ್ ಬಂದ್ರೆ ನನ್ನ ಬೆನ್ನಿಗೆ ಯಾವ ಡಾಕ್ಟರ್ ಇರ್ತಾರೆ? ಅಟೆಂಡರ್ ಹುಡುಗೀರಿಗೆ ವಾರಕ್ಕೊಂದು ದಿನ ರಜೆ ಇದೆಯಾ, ಆ ದಿನ ಬದಲಿಗೆ ಯಾರನ್ನ ಕಳಿಸ್ತೀರಿ? ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡದಿದ್ರೆ ಸಂಬಳ ಎಷ್ಟೇ ಹೇಳಲಿ, ಅಲ್ಲಿ ಸೇರಬೇಡಿ."