ಒಂದೇ ದಿನದಾಗ ಬಾದಾಮಿ ಮುಗಿಸಬ್ಯಾಡ್ರಿ

ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ವಾಪಸ್ ಬಸ್ಸು. ಬಾಗಲಕೋಟೆ ಕಡೆ ಬರುವ ಎಷ್ಟೋ ಜನರ ಪ್ರವಾಸ ಇಷ್ಟಕ್ಕೇ ಮುಗಿಯುತ್ತದೆ. ನನಗಿದು ನಿಜಕ್ಕೂ ಬೇಸರದ ಸಂಗತಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ 578ರ ಶಾಸನವಿದೆ. ಅಗಸ್ತ್ಯ ತೀರ್ಥದ ಕೆರೆಯ ಆಚೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ತ್ರಿಪದಿಗಳು ಸುಮಾರು 700ರ ಹೊತ್ತಿಗೆ ಅಲ್ಲಿ ಕಲ್ಲಿಗೇರಿದವು. ಗುಹೆ ನೋಡಿದವರಲ್ಲಿ ಎಷ್ಟು ಮಂದಿ ಕೆರೆಯ ಆಚೆ ದಡಕ್ಕೆ ಹೋಗುತ್ತಾರೆ? ಐಹೊಳೆಯಲ್ಲೂ ದುರ್ಗ ಗುಡಿಯ ಫೋಟೊ ಸಿಕ್ಕರೆ ಸಾಕು, ಗುಡ್ಡ ಹತ್ತಿ ಮೇಗುತಿ ಗುಡಿಗೆ ಹೋಗುವವರು ಕಡಿಮೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಕವಿ ರವಿಕೀರ್ತಿ 634ರಲ್ಲಿ ಬರೆದಿಟ್ಟದ್ದು ಅಲ್ಲೇ, ಗುಡಿಯ ಗೋಡೆಯ ಮೇಲೆ.

ಇನ್ನೊಂದು ರಾತ್ರಿ ಉಳಿಯಿರಿ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತ ಅವ್ವಂದಿರ ಕೈಯ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರು ಉಣ್ಣಿರಿ. ಮರುದಿನ ಹುನಗುಂದದ ಮೇಲೆ ಹಾದು ಇಳಕಲ್ಲಿಗೆ ಹೋಗಿ. ಅಂಗಡಿಗಿಂತ ಮೊದಲು ಮಗ್ಗವಿರುವ ಮನೆಗೆ. ಇಳಕಲ್ ಸೀರೆಯ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕೈಯಿಂದಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ! ಅದನ್ನು ಕಣ್ಣಾರೆ ಕಂಡವರಿಗೆ ಚೌಕಾಸಿ ಮಾಡಲು ಮನಸ್ಸು ಬಾರದು.

ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮವೂ ಅಲ್ಲಿಂದ ದೂರವಿಲ್ಲ. ಬೇಸಿಗೆ ಬೇಡ, ಕಲ್ಲು ಕಾಯುತ್ತದೆ. ಜನವರಿಯ ಹೊತ್ತಿಗೆ ಬನದ ಹುಣ್ಣಿಮೆ ನೋಡಿಕೊಂಡು ಬಂದರೆ ಬನಶಂಕರಿ ಜಾತ್ರೆಯೂ ಸಿಗುತ್ತದೆ.