ಪೆಟ್ಟಿಗೆಯ ಕೊಂಡಿ, ಕೀಲಿಯ ಕೈ

ಭಜನೆಯ ಹಾರ್ಮೋನಿಯಂ ಕುರಿತು ಮಾತನಾಡುವವರು ಅದರ ನಾದವನ್ನು ಹೊಗಳುತ್ತಾರೆ. ಅದನ್ನು ಕಾಯುವ ಪೆಟ್ಟಿಗೆಯನ್ನು ನೆನೆಯುವವರು ವಿರಳ. ಯುರೋಪಿನಿಂದ ಬಂದ ಈ ವಾದ್ಯವು ಕಲ್ಕತ್ತೆಯಲ್ಲಿ ಕೈತಿದಿಯ ರೂಪವನ್ನು ತಳೆದು, ನಾಟಕ ಕಂಪನಿಗಳ ಜೊತೆಯಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕಗಳನ್ನು ಸುತ್ತಿತು. ಆಕಾಶವಾಣಿಯು 1940ರಲ್ಲಿ ಅದಕ್ಕೆ ಬಾಗಿಲು ಮುಚ್ಚಿ, 1971ರವರೆಗೂ ತೆರೆಯಲಿಲ್ಲ. ಆದರೆ ಭಜನಾ ಮಂದಿರಗಳು ಅದರ ಕೈ ಬಿಡಲಿಲ್ಲ. ಶ್ರಾವಣ ಮಾಸದಲ್ಲಿ ರಾಯರ ಆರಾಧನೆಗೆಂದು ಮಂತ್ರಾಲಯಕ್ಕೆ ಬರುವ ಮಂಡಳಿಗಳನ್ನು ಆದೋನಿಯ ಬಸ್ ನಿಲ್ದಾಣದಲ್ಲಿ ಕಂಡವರಿಗೆ ಆ ಪೆಟ್ಟಿಗೆಗಳ ಪಾಡು ಗೊತ್ತು: ಕೊಂಡಿ ಸಡಿಲ, ಕೀಲಿಕೈ ಇಲ್ಲ, ನಡುವಿಗೆ ಹಳೆಯ ಸೀರೆಯಂಚಿನ ಕಟ್ಟು.

ನಮ್ಮ ವಿಭಾಗಕ್ಕೆ ಇಂತಹದೇ ಒಂದು ಪೆಟ್ಟಿಗೆ ಬಂದಿತು. ಪಕ್ಕದ ಹಳ್ಳಿಯೊಂದರ ಭಜನಾ ಮಂಡಳಿ ನಿಂತುಹೋದ ಮೇಲೆ ಅದರ ಹಿರಿಯರ ಮಕ್ಕಳು ಅದನ್ನು ತಂದೊಪ್ಪಿಸಿದರು. ಒಂದು ಕೊಂಡಿ ಜೋತು ಬಿದ್ದಿತ್ತು; ಕೀಲಿಕೈ ಎಲ್ಲಿದೆಯೆಂಬುದು ತೀರಿಕೊಂಡ ಹಿರಿಯರಿಗಷ್ಟೇ ತಿಳಿದಿದ್ದ ಸಂಗತಿ. ಕೀಲಿಯನ್ನು ಒಡೆಯಲು ನನಗೆ ಮನಸ್ಸಾಗಲಿಲ್ಲ.

ಕೊಂಡಿ ಸಡಿಲವಾದರೆ ದೋಷವು ಬಹುಮಟ್ಟಿಗೆ ಕೊಂಡಿಯದಲ್ಲ. ನಮ್ಮ ಸೀಮೆಯ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ತಿರುಪುಮೊಳೆಯ ರಂಧ್ರ ಅಗಲವಾಗುತ್ತದೆ. ಹಿಂಬದಿಯ ಬಿಜಾಗರಿ ಜಗ್ಗಿದ್ದರಂತೂ ಮುಚ್ಚಳ ಓರೆಯಾಗಿ, ಎಳೆತವೆಲ್ಲ ಮುಂದಿನ ಕೊಂಡಿಗೆ ತಗುಲುತ್ತದೆ. ಆದುದರಿಂದ ಮೊದಲು ಪೆಟ್ಟಿಗೆಯ ಬೆನ್ನನ್ನು ನೋಡಬೇಕು. ಬಿಜಾಗರಿಯನ್ನು ನೇರಗೊಳಿಸಿದ ಬಳಿಕ, ಹಳೆಯ ರಂಧ್ರದಲ್ಲಿ ಮದ್ದಿಲ್ಲದ ಬೆಂಕಿಕಡ್ಡಿಗಳನ್ನು ಮರದ ಅಂಟಿನೊಡನೆ ಬಿಗಿಯಾಗಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಅದೇ ತಿರುಪುಮೊಳೆಯನ್ನು ಕೂರಿಸಿದರೆ ಸಾಕು. ಉದ್ದನೆಯ ಮೊಳೆ ಹಾಕುವ ಆತುರ ಸಲ್ಲದು. ಅದರ ಮೊನೆ ಒಳಕ್ಕೆ ಚಾಚಿ ತಿದಿಯನ್ನು ಹರಿದೀತು.

ಕೀಲಿಗಾಗಿ ಮಾರುಕಟ್ಟೆಯ ಬಳಿ ಕೂರುವ ಕೀಲಿಕೈ ಮಾಡುವ ಮುದುಕರಲ್ಲಿಗೆ ಪೆಟ್ಟಿಗೆಯನ್ನೇ ಒಯ್ದೆವು. ಹಲ್ಲು ಕೊರೆಯದ ಕೀಲಿಕೈಯೊಂದನ್ನು ಅವರು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪಾಗಿಸಿದರು. ಕೀಲಿಯೊಳಗೆ ತೂರಿಸಿ ಮೆಲ್ಲನೆ ತಿರುವಿದರು. ಮಸಿ ಅಳಿಸಿದ ಕಡೆಯಲ್ಲಿ ಅರದಿಂದ ತಿಕ್ಕಿದರು. ಇದನ್ನೇ ಮತ್ತೆ ಮತ್ತೆ ಮಾಡಿದರು. ಕಡೆಗೊಮ್ಮೆ ಕೀಲಿ ಒಳಗಿನಿಂದ ಓಗೊಟ್ಟಿತು. "ತಾಳಂಚೆವಿ ಜೋಪಾನ, ಸಾರ್" ಎಂದು ಕೈಗಿತ್ತರು.

ಭಾಷೆಯ ಮೇಷ್ಟರಿಗೆ ಆ ಮಾತೇ ಒಂದು ಪಾಠ. ನಾನು ಓದಿದ ಗಡಿಯ ಶಾಲೆಯಲ್ಲಿ ಬೀಗಕ್ಕೆ ಮರಾಠಿಯಲ್ಲಿ 'ಕುಲೂಪ್', ಅದನ್ನು ತೆರೆಯುವುದಕ್ಕೆ 'ಕಿಲ್ಲಿ' ಅಥವಾ 'ಚಾವಿ'. ಈ ಚಾವಿ ಪೋರ್ಚುಗೀಸರಿಂದ ಬಂದದ್ದು. ಕನ್ನಡ ಅದನ್ನು ಕೀಲಿಯ ಕೈ ಎಂದಿತು. ತೆಲುಗು ಬೀಗವನ್ನು ತಾಳವೆಂದು, ಅದರ ಸಾಧನವನ್ನು ತಾಳದ ಕಿವಿಯೆಂದು ಕರೆಯಿತು. ಭಜನೆಯ ಪೆಟ್ಟಿಗೆಗೆ ಕೈಯೂ ಬೇಕು, ಕಿವಿಯೂ ಬೇಕು.

ಮುಚ್ಚಳ ತೆರೆದಾಗ ವಾದ್ಯದ ಉಣ್ಣೆಬಟ್ಟೆಯನ್ನು ಹುಳು ತಿಂದಿತ್ತು. ಯಾವ ಕಳ್ಳನೂ ಮುಟ್ಟದ ವಾದ್ಯವನ್ನು ಕತ್ತಲೆ ಮುಟ್ಟಿತ್ತು. ಅದರ ಪಕ್ಕದಲ್ಲಿ ಒಂದು ದಪ್ಪನೆಯ ನೋಟುಪುಸ್ತಕ. ಅದರ ತುಂಬ ದಾಸರ ಪದಗಳು. ಭಾಷೆ ಕನ್ನಡ, ಲಿಪಿ ತೆಲುಗು. ಮೊದಲ ಪುಟಗಳಲ್ಲಿ ಮಾತ್ರ ನಡುಗುವ ಕನ್ನಡ ಅಕ್ಷರಗಳಿದ್ದವು. ಆಮೇಲೆ ಕೈಬರಹ ಬದಲಾಗಿತ್ತು, ಲಿಪಿಯೂ ಬದಲಾಗಿತ್ತು. ಹಾಡು ಮಾತ್ರ ಬದಲಾಗಿರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಆ ಬದಲಾವಣೆಯನ್ನು ನಾವು ತರಗತಿಯಲ್ಲಿ ನಕ್ಷೆ ಹಿಡಿದು ವಿವರಿಸುತ್ತೇವೆ. ಈ ಪುಸ್ತಕದಲ್ಲಿ ಅದು ಎರಡು ಹಾಳೆಗಳ ನಡುವೆ ಕಾಣುತ್ತದೆ. ಇದನ್ನು ಕನ್ನಡದ ಸೋಲೆಂದು ಶೋಕಿಸಲು ನನಗೆ ಇಷ್ಟವಿಲ್ಲ. ನನ್ನ ತಾಯಿ ಕನ್ನಡದ ಹಾಡುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಿದ್ದರು. ಅವರ ಕನ್ನಡಕ್ಕೆ ಅದರಿಂದ ಕುಂದು ಬರಲಿಲ್ಲ. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿ ಇರುವುದು ಇದೇ ಸೀಮೆಯಲ್ಲಿ. ಅವರ ಪದಗಳನ್ನು ಕೈಗೆ ಬಂದ ಅಕ್ಷರದಲ್ಲಿ ಬರೆದು ಉಳಿಸಿಕೊಂಡವರು ಮಾಡಿದ್ದು ಕೊಂಡಿಯ ಕೆಲಸ; ದಾರಿಯ ಕುಲುಕಾಟದಲ್ಲಿ ಪೆಟ್ಟಿಗೆ ಬಾಯ್ತೆರೆಯದಂತೆ ನೋಡಿಕೊಂಡರು. ಇನ್ನು ಅದನ್ನು ತೆರೆಯುವ ಕೆಲಸ ನಮ್ಮದು.

ಈಗ ಆ ಪೆಟ್ಟಿಗೆಗೆ ಎರಡು ಕೀಲಿಕೈಗಳಿವೆ. ಒಂದು ವಿಭಾಗದ ಕಪಾಟಿನ ಪಕ್ಕದ ಮೊಳೆಯಲ್ಲಿ, ಮತ್ತೊಂದು ವಿದ್ಯಾರ್ಥಿ ಕಾರ್ಯದರ್ಶಿಯ ಬಳಿ. ಶನಿವಾರಕ್ಕೊಮ್ಮೆ ವಾದ್ಯವನ್ನು ಹೊರತೆಗೆದು ನುಡಿಸುವುದೆಂದು ನಿಶ್ಚಯಿಸಿದ್ದೇವೆ; ಗಾಳಿಯಾಡಿದ ಪೆಟ್ಟಿಗೆಯಲ್ಲಿ ಹುಳು ನೆಲೆಯೂರುವುದು ಕಷ್ಟ. ನೋಟುಪುಸ್ತಕವನ್ನು ತೆಲುಗು ಓದಬಲ್ಲ ವಿದ್ಯಾರ್ಥಿಗಳು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಇಪ್ಪತ್ತಮೂರು ಪದಗಳು ಮುಗಿದಿವೆ. ನಿಮ್ಮ ಅಜ್ಜಿಯರ ಟ್ರಂಕುಗಳಲ್ಲಿ ಇಂತಹ ಪುಸ್ತಕಗಳಿದ್ದರೆ ತನ್ನಿರಿ. ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇವೆ. ಕೀಲಿಕೈ ಕಳೆದಿದ್ದರೆ ಟ್ರಂಕನ್ನೇ ತನ್ನಿರಿ.